ತೋಟದ ಕಸದಿಂದ ಊರಿಗೆ ಕರೆಂಟ್: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಅರಸೀಕೆರೆ ಹತ್ತಿರ, ಕೊಟ್ಟ ಊರು ಮೂಡಿಗೆರೆ ಕಡೆ. ಅಲ್ಲಿ ತೆಂಗು, ಕೊಬ್ಬರಿ, ರಾಗಿ. ಇಲ್ಲಿ ಕಾಫಿ, ಮೆಣಸು, ಅಡಿಕೆ. ಬೇಸಿಗೆ ಬಂತೆಂದರೆ ಎರಡೂ ಕಡೆ ಬದುವಿನ ಮೇಲೆ ಗರಿ, ಮಟ್ಟೆ, ರೆಂಬೆ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಮೂರು ತಿಂಗಳು ಕಳೆದು ಮಳೆ ಹಿಡಿದರೆ ಅದೇ ಊರಿನವರು ಕರೆಂಟ್ ಇಲ್ಲದೆ ಡೀಸೆಲ್ ಕ್ಯಾನ್ ಹಿಡಿದು ಬಂಕಿಗೆ ಓಡುತ್ತಾರೆ. ಈ ಎರಡನ್ನೂ ಜೋಡಿಸಬಹುದಾ ಅಂತ ನಾನು ಕೆಲವು ವರ್ಷಗಳಿಂದ ಲೆಕ್ಕ ಹಾಕುತ್ತಾ ಬಂದಿದ್ದೇನೆ. ಸಂಘದ ಸಭೆಯಲ್ಲಿ, ಡೇರಿಯಲ್ಲಿ, ಮದುವೆ ಮನೆಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಗೃಹಜ್ಯೋತಿ ಇದೆಯಲ್ಲ ಅಕ್ಕ, ಮತ್ತೆ ಈ ತಾಪತ್ರಯ ಯಾಕೆ?

ಮನೆಯ ಬಲ್ಬಿಗಾಗಿ ಮಾತ್ರ ಅಂದರೆ ಬೇಡವೇ ಬೇಡ. 2023ರಿಂದ ಮನೆಗಳಿಗೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ, ಕರೆಂಟ್ ಪುಕ್ಕಟೆ. ಕಸದ ಕರೆಂಟ್ ಅದರ ಜೊತೆ ಪೈಪೋಟಿ ಮಾಡಲಾರದು.

ಇದು ಬೇಕಾಗಿರುವುದು ಈಗ ಡೀಸೆಲ್ ಸುಡುತ್ತಿರುವ ಜಾಗಗಳಿಗೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಒಣ ಹೊಟ್ಟು ಬಿಡಿಸುವ ಹಲ್ಲರ್, ಅಕ್ಕಿ ಗಿರಣಿ, ಹಾಲಿನ ಡೇರಿಯ ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ಯಂತ್ರ), ಊರಿನ ಕುಡಿಯುವ ನೀರಿನ ಮೋಟಾರ್. ಮಲೆನಾಡಲ್ಲಿ ಆರಿದ್ರಾ, ಪುನರ್ವಸು ಮಳೆಗೆ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕತ್ತಲೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ಊರುಗಳಲ್ಲಿ ಬೀದಿ ದೀಪ ಇಲ್ಲದ ರಾತ್ರಿ ಅಂದರೆ ಏನು ಅಂತ ಅಲ್ಲಿಯವರಿಗೇ ಗೊತ್ತು. ಒಂದು ಡೀಸೆಲ್ ಜನರೇಟರ್ ಲೀಟರಿಗೆ ಸುಮಾರು 3 ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಅಂತ ಹಿಡಿದರೆ ಎಣ್ಣೆಗೇ ಯೂನಿಟ್ಟಿಗೆ 30 ರೂಪಾಯಿ. ನಮ್ಮ ಪೈಪೋಟಿ ಈ 30 ರೂಪಾಯಿ ಜೊತೆ.

ಕಸ ಸುಟ್ಟರೆ ಕರೆಂಟ್ ಹೇಗೆ ಬರುತ್ತೆ?

ಎರಡು ದಾರಿ ಇವೆ. ಒಣ ಕಸಕ್ಕೆ ಗ್ಯಾಸಿಫೈಯರ್, ಹಸಿ ಕಸಕ್ಕೆ ಗೊಬ್ಬರ ಗ್ಯಾಸ್.

ಗ್ಯಾಸಿಫೈಯರ್ ಅಂದರೆ ಗಾಳಿಯನ್ನು ಬಿಗಿ ಹಿಡಿದ ದೊಡ್ಡ ಒಲೆ. ನಮ್ಮ ಒಲೆಗೆ ಗಾಳಿ ಬೇಕಾದಷ್ಟು ಸಿಗುತ್ತದೆ, ಸೌದೆ ಪೂರ್ತಿ ಉರಿದು ಬೂದಿ ಆಗುತ್ತದೆ. ಇಲ್ಲಿ ಬೇಕಂತಲೇ ಗಾಳಿ ಕಡಿಮೆ ಬಿಡುತ್ತಾರೆ. ಸೌದೆ ಅರೆಬರೆ ಉರಿದು, ಒಳಗಿನ ಕೆಂಡದ ಮೇಲೆ ಹಾಯ್ದು, ಉರಿಯಬಲ್ಲ ಗ್ಯಾಸ್ ಆಗಿ ಹೊರಗೆ ಬರುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಹೆಚ್ಚುಕಮ್ಮಿ ಐದರಲ್ಲಿ ಒಂದೊಂದು ಪಾಲು, ಮೀಥೇನ್ ತೀರಾ ಸ್ವಲ್ಪ. ಅರ್ಧದಷ್ಟು ಬರೀ ನೈಟ್ರೋಜನ್, ಅದು ಉರಿಯುವುದಿಲ್ಲ. ಹಾಗಾಗಿ ಇದು ಬಡ ಗ್ಯಾಸ್. ಆದರೂ ತಣ್ಣಗೆ ಮಾಡಿ, ಸೋಸಿ ಕೊಟ್ಟರೆ ಇಂಜಿನ್ ಓಡುತ್ತದೆ. ಹಳೇ ಡೀಸೆಲ್ ಇಂಜಿನ್‌ನಲ್ಲೇ ಇದನ್ನು ಬೆರೆಸಿ ಓಡಿಸಿದರೆ ಡೀಸೆಲ್‌ನಲ್ಲಿ ನೂರಕ್ಕೆ 70ರಷ್ಟು ಉಳಿತಾಯ ಆಗುತ್ತದೆ. ಪೂರ್ತಿ ಗ್ಯಾಸಿನಲ್ಲೇ ಓಡುವ ಇಂಜಿನ್‌ಗಳೂ ಇವೆ.

ಗೊಬ್ಬರ ಗ್ಯಾಸ್ ನಿಮಗೆ ಗೊತ್ತಿರುವುದೇ. ಸಗಣಿ, ನೀರು ಸಮಸಮ ಕಲಸಿ ಬಿಟ್ಟರೆ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತು ಮೀಥೇನ್ ಬರುತ್ತದೆ. ನೂರಕ್ಕೆ 55ರಿಂದ 65 ಪಾಲು ಮೀಥೇನ್ ಇರುತ್ತದೆ.

ನಮ್ಮ ಕಡೆ ಯಾವ ಯಾವ ಕಸ ಇದಕ್ಕೆ ಆಗುತ್ತೆ?

ಮೊದಲು ತವರಿನ ಕಡೆ ಹೇಳುತ್ತೇನೆ. ಅರಸೀಕೆರೆ, ಚನ್ನರಾಯಪಟ್ಟಣದಲ್ಲಿ ತೆಂಗಿನ ಕರಟ ಬೇಕಾದಷ್ಟಿದೆ. ಗ್ಯಾಸಿಫೈಯರ್‌ಗೆ ಕರಟದಂಥ ಉರುವಲು ಇನ್ನೊಂದಿಲ್ಲ. ಗಟ್ಟಿ, ಭಾರ, ಬೂದಿ ನೂರಕ್ಕೆ ಒಂದರ ಸುತ್ತಮುತ್ತ ಅಷ್ಟೇ. ಆದರೆ ಕರಟ ಈಗ ಕಸ ಅಲ್ಲ. ಇದ್ದಿಲು ಮಾಡುವವರು ಒಳ್ಳೆ ರೇಟು ಕೊಟ್ಟು ಕೊಳ್ಳುತ್ತಾರೆ. ಅದನ್ನು ಮಾರಿ, ಬದುವಿನಲ್ಲಿ ಸುಟ್ಟು ಹೋಗುವ ಮಟ್ಟೆಯ ದಪ್ಪ ತುದಿಯನ್ನು ಕತ್ತರಿಸಿ ಬಳಸುವುದು ಜಾಣತನ. ಮುಸುಕಿನ ಜೋಳದ ದಿಂಡು ಕೂಡ ಚೆನ್ನಾಗಿ ಆಗುತ್ತದೆ. ಜೋಳ ಬಿಡಿಸುವ ಯಂತ್ರ ಬಂದು ಹೋದ ಮೇಲೆ ರಾಶಿ ರಾಶಿ ಬಿದ್ದಿರುತ್ತದಲ್ಲ, ಅದು.

ಮಲೆನಾಡಿನಲ್ಲಿ ದೊಡ್ಡ ಆಸ್ತಿ ಮರಗಸಿ. ಪ್ರತಿ ವರ್ಷ ನೆರಳು ಬಿಡಿಸಲು ಕಡಿಯುವ ಸಿಲ್ವರ್ ಓಕ್, ಹಲಸು, ಬಸರಿ ರೆಂಬೆಗಳಲ್ಲಿ ಒಳ್ಳೆಯವು ಒಲೆಗೆ ಹೋಗುತ್ತವೆ, ಉಳಿದವು ತೋಟದಲ್ಲೇ ಬೀಳುತ್ತವೆ. ಹೆಬ್ಬೆರಳು ದಪ್ಪದಿಂದ ಮೊಣಕೈ ದಪ್ಪದವರೆಗಿನ ರೆಂಬೆ ಒಂದೆರಡು ಇಂಚಿನ ತುಂಡಾದರೆ ಸಾಕು. ಹಳೇ ಕಾಫಿ ಗಿಡ ಕಿತ್ತಾಗ ಸಿಗುವ ಬೊಡ್ಡೆ ಇನ್ನೂ ಗಟ್ಟಿ.

ಕಾಫಿ ಹೊಟ್ಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 50 ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಲ್ಲಿ ಔಟ್‌ಟರ್ನ್, ಅಂದರೆ ಸಿಗುವ ಬೀಜ, ಹೆಚ್ಚುಕಮ್ಮಿ ಅರ್ಧ, ಉಳಿದ ಅರ್ಧ ಹೊಟ್ಟು. ಕೇಳಲು ಚೆನ್ನ. ಆದರೆ ನಾವು ಚೆರಿಯನ್ನು ಹಾಗೇ ಮಾರಿಬಿಟ್ಟರೆ ಹೊಟ್ಟು ಬೀಜ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಉಳಿಯುತ್ತದೆ, ಊರಿನಲ್ಲಿ ಅಲ್ಲ. ಇಟ್ಟಿಗೆ ಗೂಡಿನವರೂ ಅದನ್ನು ಕೇಳುತ್ತಾರೆ. ಇನ್ನೊಂದು ತೊಂದರೆ: ಈ ಹೊಟ್ಟು ಹಗುರ, ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ. ಬಿಸಿಗೆ ಬೂದಿ ಕರಗಿ ಕಿಟ್ಟ ಕಟ್ಟಿಕೊಳ್ಳುತ್ತದೆ. ಸೌದೆಗೆ ಮಾಡಿದ ಗ್ಯಾಸಿಫೈಯರ್‌ಗೆ ಇದನ್ನು ಸುರಿಯಬೇಡಿ. ಒತ್ತಿ ಬ್ರಿಕೆಟ್ (ಗಟ್ಟಿ ಉಂಡೆ) ಮಾಡಬೇಕು, ಇಲ್ಲವಾದರೆ ಹೊಟ್ಟಿಗೇ ಅಂತ ಮಾಡಿದ ಯಂತ್ರ ಬೇಕು. ಭತ್ತದ ಹೊಟ್ಟಿಗೂ ಇದೇ ಮಾತು. ಅದರಲ್ಲಿ ಐದನೇ ಒಂದು ಪಾಲು ಬೂದಿಯೇ.

ಅಡಿಕೆ ಸಿಪ್ಪೆ ನಾರು ನಾರಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಅಡಿಕೆ ಬೇಯಿಸುವ ಒಲೆಗೇ ಬಿಡಿ.

ಒಂದು ಯೂನಿಟ್‌ಗೆ ಎಷ್ಟು ಉರುವಲು ಬೇಕು?

ಒಣಗಿದ ಸೌದೆ, ಕರಟ ಆದರೆ 1ರಿಂದ ಒಂದೂವರೆ ಕೆಜಿ. ಹೊಟ್ಟು ಆದರೆ ಒಂದೂವರೆಯಿಂದ 2 ಕೆಜಿ. ಲೋಡ್ ಕಡಿಮೆ ಇದ್ದರೆ ಇನ್ನೂ ಜಾಸ್ತಿ ತಿನ್ನುತ್ತದೆ.

ಹಾಗಾದರೆ ಯೂನಿಟ್ಟಿಗೆ ಎಷ್ಟು ರೂಪಾಯಿ ಬೀಳುತ್ತೆ?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಜನ ಸೋಲುವುದು ಇಲ್ಲೇ.

60 ಮನೆಯ ಊರು ಅಂತ ಇಟ್ಟುಕೊಳ್ಳಿ. 20 ಕಿಲೋವಾಟ್ ಯಂತ್ರ. ಸಂಜೆ 5 ಗಂಟೆ ಮಾತ್ರ ಓಡುತ್ತದೆ. ಸರಾಸರಿ ಲೋಡ್ 12 ಕಿಲೋವಾಟ್. ದಿನಕ್ಕೆ 60 ಯೂನಿಟ್, ತಿಂಗಳಿಗೆ 1,800. ಉರುವಲು ಕಡಿದು, ಹೊತ್ತು, ತುಂಡು ಮಾಡಿ ತಂದು ಹಾಕಲು ಕೆಜಿಗೆ 3 ರೂಪಾಯಿ ಅಂತ ಹಿಡಿದರೆ ಯೂನಿಟ್ಟಿಗೆ ನಾಲ್ಕೂವರೆ. ಆಯಿಲ್, ಫಿಲ್ಟರ್, ರಿಪೇರಿಗೆ 2 ರೂಪಾಯಿ. ನೋಡಿಕೊಳ್ಳಲು ಇಬ್ಬರು, ಇಬ್ಬರಿಗೂ ಸೇರಿ ತಿಂಗಳಿಗೆ 24,000 ಸಂಬಳ. ಅದನ್ನು 1,800 ಯೂನಿಟ್ಟಿಗೆ ಹಂಚಿದರೆ 13 ರೂಪಾಯಿಗೂ ಜಾಸ್ತಿ. ಒಟ್ಟು 20 ರೂಪಾಯಿ ಹತ್ತಿರ ಬಂತು.

ಈಗ ಅದೇ ಯಂತ್ರ ಹಗಲಲ್ಲೂ 5 ಗಂಟೆ ಓಡಲಿ. ಹಿಟ್ಟಿನ ಗಿರಣಿ, ನೀರಿನ ಮೋಟಾರ್, ಬಿಎಂಸಿ ಸೇರಿ 14 ಕಿಲೋವಾಟ್ ಲೋಡ್. ದಿನಕ್ಕೆ 70 ಯೂನಿಟ್ ಕೂಡಿತು. ತಿಂಗಳಿಗೆ 3,900 ಆಯಿತು. ಅದೇ ಇಬ್ಬರು, ಅದೇ ಸಂಬಳ. ಯೂನಿಟ್ಟಿಗೆ ಸಂಬಳದ ಪಾಲು 6 ರೂಪಾಯಿ ಚಿಲ್ಲರೆಗೆ ಇಳಿಯಿತು. ಒಟ್ಟು 12ರಿಂದ 13 ರೂಪಾಯಿ. ಯಂತ್ರದ ಬಂಡವಾಳ ಇದರಲ್ಲಿ ಸೇರಿಲ್ಲ, ಅದನ್ನು ನಿಮಗೆ ಬಂದ ಕೊಟೇಶನ್ ನೋಡಿ ಹಂಚಿಕೊಳ್ಳಿ.

ನೋಡಿದಿರಲ್ಲ, ಯೂನಿಟ್ಟಿಗೆ ಬೀಳುವ ಉರುವಲಿನ ಖರ್ಚು ಒಂದು ಪೈಸೆ ಬದಲಾಗಲಿಲ್ಲ. ಬದಲಾಗಿದ್ದು ಹಗಲಿನ ಕೆಲಸ. ಕಸ ಪುಕ್ಕಟೆ ಸಿಕ್ಕರೂ ಹಗಲು ಯಂತ್ರ ಮಲಗಿದ್ದರೆ ಕರೆಂಟ್ ದುಬಾರಿ. ಅದಕ್ಕೇ ನಾನು ಯಾರೇ ಬಂದರೂ ಮೊದಲು ಕೇಳುವುದು "ನಿಮ್ಮೂರಲ್ಲಿ ಎಷ್ಟು ಕಸ ಇದೆ" ಅಂತ ಅಲ್ಲ, "ಬೆಳಗ್ಗೆ ಹತ್ತರಿಂದ ಮೂರರವರೆಗೆ ಯಾವ ಮೋಟಾರ್ ಓಡುತ್ತೆ" ಅಂತ.

ಇನ್ನೂ ಒಂದು ಉಳಿತಾಯ ಇದೆ. ಇಂಜಿನ್ ಹೊಗೆಯಲ್ಲಿ ಬೇಕಾದಷ್ಟು ಬಿಸಿ ಇರುತ್ತದೆ. ಆ ಹೊಗೆ ಬೆಳೆಗೆ ತಾಗದಂತೆ ಪೈಪಿನ ಮೂಲಕ ಬರೀ ಬಿಸಿ ತೆಗೆದುಕೊಂಡರೆ ಮೆಣಸು, ಏಲಕ್ಕಿ, ಅಡಿಕೆ ಒಣಗಿಸಬಹುದು. ಮೋಡ ಕವಿದ ಕೊಯ್ಲಿನಲ್ಲಿ ಕಣದ ಮೇಲೆ ಟಾರ್ಪಾಲ್ ಎಳೆದು ಎಳೆದು ಸಾಕಾದವರಿಗೆ ಇದರ ಬೆಲೆ ಗೊತ್ತು.

ಮಳೆಗಾಲದಲ್ಲಿ ಏನು ಗತಿ?

ಮಲೆನಾಡಿನಲ್ಲಿ ಇದೇ ಮುಖ್ಯ ಪ್ರಶ್ನೆ. ಉರುವಲಿನಲ್ಲಿ ನೀರಿನಂಶ ನೂರಕ್ಕೆ 20 ದಾಟಬಾರದು. ದಾಟಿದರೆ ಒಳಗಿನ ಬಿಸಿ ಇಳಿಯುತ್ತದೆ, ಟಾರ್ ಜಾಸ್ತಿ ಬರುತ್ತದೆ. ಟಾರ್ ಅಂದರೆ ಡಾಂಬರಿನಂಥ ಅಂಟು. ಫಿಲ್ಟರ್ ದಾಟಿ ಇಂಜಿನ್ ವಾಲ್ವಿಗೆ ಹೋಗಿ ಕೂರುತ್ತದೆ.

ನಮ್ಮ ಕಡೆ ಕೆಲವರು ಸೇರಿ ಒಂದು ಹಳೇ ಗ್ಯಾಸಿಫೈಯರ್ ತಂದಿದ್ದೆವು. ಮಾರ್ಚ್‌ನಿಂದ ಮೇ ತನಕ ಚೆನ್ನಾಗಿ ಓಡಿತು. ಆರಿದ್ರಾ ಮಳೆ ಹಿಡಿಯಿತು. ಸೌದೆ ಟಾರ್ಪಾಲ್ ಅಡಿಯಲ್ಲಿತ್ತು. ಮೇಲಿಂದ ನೀರು ಬೀಳಲಿಲ್ಲ, ಆದರೆ ನೆಲದ ತೇವ ಎಳೆದುಕೊಂಡಿತು. ಎರಡನೇ ವಾರಕ್ಕೆ ವಾಲ್ವ್ ಅಂಟಿ ಇಂಜಿನ್ ನಿಂತಿತು. ಮಾರಿದವರು ಫೋನ್ ಎತ್ತಲಿಲ್ಲ. ಮೆಕ್ಯಾನಿಕ್ ಬಿಚ್ಚಿದಾಗ ಬಂದ ಆ ವಾಸನೆ ಈಗಲೂ ನೆನಪಿದೆ. ತಪ್ಪು ಯಂತ್ರದ್ದಲ್ಲ, ನಾವು ಸೂರು ಕಟ್ಟದೆ ಯಂತ್ರ ತಂದಿದ್ದೆವು.

ಹಾಗಾಗಿ ಮೊದಲು ಸೂರು, ಆಮೇಲೆ ಯಂತ್ರ. ಮೇಲಿನ ಲೆಕ್ಕದ ಊರಿಗೆ ದಿನಕ್ಕೆ ಸುಮಾರು 200 ಕೆಜಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 4 ತಿಂಗಳಿಗೆ 24 ಟನ್. ತುಂಡು ಸೌದೆಯಾದರೆ ಇದಕ್ಕೆ 30 ಅಡಿ ಉದ್ದ, 18 ಅಡಿ ಅಗಲದ ಜಾಗದಲ್ಲಿ ಆಳೆತ್ತರ ತುಂಬಬೇಕು. ನೆಲದಿಂದ ಒಂದಡಿ ಮೇಲೆ ಅಟ್ಟಣಿಗೆ, ನಾಲ್ಕು ಕಡೆ ಗಾಳಿಯಾಡುವಂತೆ. ಮರಗಸಿ ಮುಗಿದ ತಕ್ಷಣ ತುಂಡು ಮಾಡಿ ಬಿಸಿಲಿಗೆ ಹಾಕಿ, ಮೇ ಮುಗಿಯುವುದರೊಳಗೆ ಒಳಗೆ ತುಂಬಿಬಿಡಬೇಕು. ಅಜ್ಜಿಯಂದಿರು ಮಳೆಗಾಲಕ್ಕೆ ಸೌದೆ ಕೊಟ್ಟಿಗೆ ತುಂಬುತ್ತಿದ್ದರಲ್ಲ, ಅದೇ ಲೆಕ್ಕ.

ಒಣಗಿದೆಯಾ ಅಂತ ನೋಡಲು ಮೀಟರ್ ಬೇಕಿಲ್ಲ. 1 ಕೆಜಿ ತುಂಡು ತೂಗಿ, ಡ್ರೈಯರ್‌ನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 800 ಗ್ರಾಂ ಉಳಿದರೆ ನೀರು ನೂರಕ್ಕೆ 20 ಇತ್ತು ಅಂತ ಅರ್ಥ. ಅದಕ್ಕಿಂತ ಕಡಿಮೆ ಉಳಿದರೆ ಆ ರಾಶಿ ಇನ್ನೂ ಹಸಿ.

ಮನೆಯಲ್ಲಿ 4 ಹಸು ಇವೆ. ಗೊಬ್ಬರ ಗ್ಯಾಸಿನಿಂದ ಕರೆಂಟ್ ಮಾಡಬಹುದಾ?

ಮಾಡಬಹುದು, ಮಾಡಬೇಡಿ. 4 ಹಸುವಿಂದ ದಿನಕ್ಕೆ 40ರಿಂದ 50 ಕೆಜಿ ಸಗಣಿ. 25 ಕೆಜಿಗೆ ಒಂದು ಘನ ಮೀಟರ್ ಗ್ಯಾಸ್. ಅಂದರೆ ಹೆಚ್ಚೆಂದರೆ 2 ಘನ ಮೀಟರ್. ಇಂಜಿನ್‌ಗೆ ಕೊಟ್ಟರೆ 3 ಯೂನಿಟ್ ಬಂದರೆ ಪುಣ್ಯ. ಅದೇ ಗ್ಯಾಸ್ ಒಲೆಗೆ ಹೋದರೆ ತಿಂಗಳಿಗೆ ಒಂದೂವರೆ ಸಿಲಿಂಡರ್‌ನಷ್ಟು ಉಳಿತಾಯ. ಒಲೆಗೇ ಬಿಡಿ.

ಐವತ್ತು ಅರವತ್ತು ಹಸು ಇರುವ ಫಾರಂ, ಕೋಳಿ ಫಾರಂ ಆದರೆ ಮಾತು ಬೇರೆ. ಅಲ್ಲಿ ಇಂಜಿನ್ ಇಡಬಹುದು. ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಇಂಜಿನ್ ತಿನ್ನುತ್ತದೆ, ಕಬ್ಬಿಣದ ಪುಡಿಯ ಫಿಲ್ಟರ್ ಹಾಕಲೇಬೇಕು. ಡಿಸೆಂಬರ್, ಜನವರಿ ಚಳಿಗೆ ಗ್ಯಾಸ್ ಇಳಿಯುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಪಲ್ಪರ್ ನೀರಿನಿಂದ ಗ್ಯಾಸ್ ಬರುತ್ತಾ?

ಬರುತ್ತದೆ. ಆ ನೀರಿನಲ್ಲಿ ಹಣ್ಣಿನ ಸಕ್ಕರೆ ತುಂಬಾ ಇದೆ. ಅದಕ್ಕೇ ಹಳ್ಳಕ್ಕೆ ಬಿಟ್ಟರೆ ಕೊಳೆತು, ನೀರಿನ ಆಮ್ಲಜನಕ ಎಳೆದುಕೊಂಡು ಮೀನು ಸಾಯುತ್ತದೆ. ನಮ್ಮ ಹಳ್ಳ ಹೇಮಾವತಿಗೋ ಭದ್ರೆಗೋ ಸೇರುತ್ತದೆ, ಕೆಳಗಿನವರು ಅದನ್ನೇ ಕುಡಿಯುತ್ತಾರೆ. ಕರೆಂಟ್ ಬರದಿದ್ದರೂ ಈ ಒಂದು ಕಾರಣಕ್ಕೆ ತೊಟ್ಟಿ ಕಟ್ಟಬೇಕು ಅನ್ನುವುದು ನನ್ನ ಮಾತು.

ಆ ನೀರು ಹುಳಿ. ಸುಣ್ಣ ಹಾಕಿ ಹುಳಿ ಇಳಿಸಿ, ಸಗಣಿ ಬಗ್ಗಡ ಬೆರೆಸಿ ಬಿಟ್ಟರೆ ಗ್ಯಾಸ್ ಏಳುತ್ತದೆ. ಪಲ್ಪಿಂಗ್ ಇರುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ಉಳಿದ ತಿಂಗಳು ತೊಟ್ಟಿಗೆ ಸಗಣಿ ಹಾಕಿ ಜೀವ ಹಿಡಿದುಕೊಳ್ಳಬೇಕು.

ಸೋಲಾರ್ ಹಾಕಿದರೆ ಸಾಕಲ್ವಾ?

ಅರಸೀಕೆರೆ, ಕಡೂರು ಕಡೆ ಹಗಲಿಗೆ ಸೋಲಾರ್ ಮೊದಲು, ಯಾವ ಅನುಮಾನವೂ ಇಲ್ಲ. ಮಲೆನಾಡಲ್ಲಿ ಜೂನ್‌ನಿಂದ ಬಿಸಿಲೇ ಕಾಣುವುದಿಲ್ಲ. ಆಗ ಹಳ್ಳ ತುಂಬಿರುತ್ತದೆ, ಎತ್ತರದಿಂದ ನೀರು ಬೀಳುವ ಜಾಗ ಇದ್ದರೆ ಪಿಕೋ ಹೈಡ್ರೋ (ಆ ನೀರಿನಿಂದ ತಿರುಗಿ ಕರೆಂಟ್ ಕೊಡುವ ಪುಟ್ಟ ಯಂತ್ರ) ಇಡಬಹುದು. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಆಗ ಬಿಸಿಲು ಇರುತ್ತದೆ, ಸೌದೆಯೂ ಒಣಗಿರುತ್ತದೆ. ಒಂದನ್ನೇ ನಂಬಬೇಡಿ.

ಹಿಂದೆ ಯಾರಾದರೂ ಮಾಡಿ ತೋರಿಸಿದ್ದಾರಾ?

ನಮ್ಮ ಪಕ್ಕದ ಜಿಲ್ಲೆಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಹಳ್ಳಿಗಳಿಗಾಗಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರು ಮಾಡಿದರು. ಅವರ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯೆಲ್ಲ ಸೇರಿಸಿ ಒಂದು ದೊಡ್ಡ ಗ್ಯಾಸ್ ತೊಟ್ಟಿ ನಡೆಸಿತು. ಮೊದಲು ಅಡುಗೆಗೆ ಗ್ಯಾಸ್ ಕೊಡಬೇಕು ಅಂತಿತ್ತು, ಎಲ್ಲರಿಗೂ ಸಾಲಲಿಲ್ಲ. ಆಮೇಲೆ, 1987ರಲ್ಲಿ, ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ ನಲ್ಲಿ ನೀರು ಮತ್ತು ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಕಾಸು, ಜೊತೆಗೆ ಬಗ್ಗಡ ವಾಪಸ್. ನನಗೆ ಈ ಕಥೆ ತುಂಬಾ ಇಷ್ಟ. ಊರಿಗೆ ಬೇಕಾಗಿದ್ದು ಏನು ಅಂತ ಕೇಳಿಕೊಂಡು ಯಂತ್ರದ ಕೆಲಸವನ್ನೇ ಬದಲಿಸಿದರು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ 3.7 ಕಿಲೋವಾಟ್‌ನ ಸೌದೆ ಗ್ಯಾಸಿಫೈಯರ್ ಇಟ್ಟರು, ಮುಂದೆ ಅದು 20 ಕಿಲೋವಾಟ್‌ಗೆ ಬೆಳೆಯಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಲ್ಲೇ ನಡೆದವು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಇನ್ನೂ ದೊಡ್ಡದು, 500 ಕಿಲೋವಾಟ್, ಬೆಸ್ಕಾಂ ಲೈನಿಗೆ ಸೇರಿಸಿದ್ದು. ಬಿಹಾರದಲ್ಲಿ 2007ರಲ್ಲಿ ಹಸ್ಕ್ ಪವರ್ ಕಂಪನಿ ತಮ್ಕುಹಾ ಹಳ್ಳಿಗೆ ಭತ್ತದ ಹೊಟ್ಟಿನಿಂದ ಕರೆಂಟ್ ಕೊಟ್ಟಿತು. ಆಗ ಅಲ್ಲಿ ಜನ ಸೀಮೆಎಣ್ಣೆಗೆ ದುಡ್ಡು ಸುರಿಯುತ್ತಿದ್ದರು, ಅದಕ್ಕೇ ಹೊಟ್ಟಿನ ಕರೆಂಟ್ ಅಗ್ಗ ಅನ್ನಿಸಿತು. ಮುಂದೆ ಅದೇ ಕಂಪನಿ ಹಗಲಿಗೆ ಸೋಲಾರ್ ಸೇರಿಸಿಕೊಂಡಿತು.

ಡೀಸೆಲ್ ಬದಲು ಹೊಂಗೆ ಎಣ್ಣೆ ಆಗುತ್ತಾ?

ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ ಜೈವಿಕ ಇಂಧನ ಪಾರ್ಕ್ ಇದೆ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಎಲ್ಲ ಅಲ್ಲಿ ನೋಡಬಹುದು. 1 ಲೀಟರ್ ಹೊಂಗೆ ಎಣ್ಣೆಗೆ 3ರಿಂದ 4 ಕೆಜಿ ಬೀಜ ಬೇಕು. ಬದುವಿನ ಹೊಂಗೆ ಬೀಜ ಆರಿಸುವ ಕೂಲಿ ಗಿಟ್ಟಿದರೆ ಮಾಡಿ. ಹಿಂಡಿ ಒಳ್ಳೆ ಗೊಬ್ಬರ, ಅದರಲ್ಲೇ ಅರ್ಧ ಲಾಭ.

ಇದರಲ್ಲಿ ಅಪಾಯ ಇದೆಯಾ?

ಇದೆ, ಮುಚ್ಚಿಡುವುದಿಲ್ಲ. ಗ್ಯಾಸಿಫೈಯರ್ ಗ್ಯಾಸಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆ ಸುತ್ತು, ಆಮೇಲೆ ಎಚ್ಚರವೇ ತಪ್ಪುತ್ತದೆ. ಚಳಿಗಾಲದಲ್ಲಿ ಕೋಣೆಯೊಳಗೆ ಕೆಂಡ ಇಟ್ಟು ಮಲಗಿ ಸಾಯುವುದೂ ಇದರಿಂದಲೇ. ಯಂತ್ರ ಯಾವತ್ತೂ ತೆರೆದ ಸೂರಿನಲ್ಲಿರಲಿ. ರಾತ್ರಿ ಯಾರೂ ಅಲ್ಲಿ ಮಲಗಬಾರದು, ಬೆಚ್ಚಗಿದೆ ಅಂತಲೂ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ, ಒಂದು ತಂದು ಹಾಕಿ.

ಎರಡನೆಯದು ಲೈನ್. ಊರಿನ ಕರೆಂಟ್ ಹೋದಾಗ ನಿಮ್ಮ ಯಂತ್ರದ ಕರೆಂಟ್ ಕಂಬಕ್ಕೆ ಹಿಂದಕ್ಕೆ ಹರಿದರೆ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್ ಸಾಯುತ್ತಾನೆ. ಊರಿನ ಲೈನ್ ಬಿಡಿಸಿ ನಿಮ್ಮ ಯಂತ್ರಕ್ಕೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಒಂದು ಬಲ್ಬೂ ಹಚ್ಚಬೇಡಿ. ಮೂರನೆಯದು, ಗ್ಯಾಸ್ ತೊಳೆದ ನೀರು. ಅದರಲ್ಲಿ ಟಾರ್ ಇರುತ್ತದೆ, ವಿಷ. ಹಳ್ಳಕ್ಕೆ, ಬಾವಿ ಹತ್ತಿರ ಬಿಡಲೇಬಾರದು. ಆದಷ್ಟೂ ಒಣ ಫಿಲ್ಟರ್ ಇರುವ ಯಂತ್ರ ಕೇಳಿ.

ಕಸವೆಲ್ಲ ಯಂತ್ರಕ್ಕೆ ಹೋದರೆ ಭೂಮಿಗೆ ಏನು ಉಳಿಯುತ್ತೆ?

ಒಳ್ಳೆಯ ಪ್ರಶ್ನೆ. ನಮ್ಮ ಮಾವನವರು ಕೇಳಿದ ಮೊದಲ ಪ್ರಶ್ನೆ ಇದೇ. ರಾಗಿ ಹುಲ್ಲು ದನದ್ದು, ಮುಟ್ಟಬೇಡಿ. ಕಾಫಿ ಬುಡದ ತರಗೆಲೆ ಮಣ್ಣಿನದ್ದು, ಅದನ್ನೂ ಮುಟ್ಟಬೇಡಿ. ತೆಂಗಿನ ಸಿಪ್ಪೆ ಬುಡಕ್ಕೆ ಹೂತರೆ ತೇವ ಹಿಡಿಯುತ್ತದೆ, ಬಯಲುಸೀಮೆಯಲ್ಲಿ ಅದಕ್ಕಿಂತ ಒಳ್ಳೆ ಉಪಯೋಗ ಇಲ್ಲ. ಬದುವಿನಲ್ಲಿ ಸುಮ್ನೆ ಬೆಂಕಿಗೆ ಹೋಗುತ್ತಿರುವುದು ಮಾತ್ರ ಯಂತ್ರಕ್ಕೆ. ಗ್ಯಾಸಿಫೈಯರ್ ಅಡಿಯಲ್ಲಿ ಬರುವ ಇದ್ದಿಲನ್ನು ಬಗ್ಗಡದಲ್ಲಿ ನೆನೆಸಿ ತೋಟಕ್ಕೆ ವಾಪಸ್ ಕೊಡಿ.

ಲೈಸೆನ್ಸ್, ಸಬ್ಸಿಡಿ?

2003ರ ವಿದ್ಯುತ್ ಕಾಯ್ದೆ ಪ್ರಕಾರ ಕರೆಂಟ್ ಉತ್ಪಾದನೆಗೆ ಲೈಸೆನ್ಸ್ ಬೇಡ. ಸರ್ಕಾರ ಗ್ರಾಮೀಣ ಪ್ರದೇಶ ಅಂತ ಅಧಿಸೂಚನೆ ಹೊರಡಿಸಿದ ಕಡೆ ಹಂಚುವುದಕ್ಕೂ ಬೇಡ. ಸುರಕ್ಷತೆಯ ನಿಯಮ ಮಾತ್ರ ಎಲ್ಲರಿಗೂ ಒಂದೇ. ಕರೆಂಟ್ ಕಂಪನಿಯವರ ಹತ್ತಿರ, ಅಂದರೆ ಹಾಸನದವರು ಸೆಸ್ಕ್ ಕಚೇರಿಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಮೊದಲೇ ಹೋಗಿ ಮಾತಾಡಿ. ಸಬ್ಸಿಡಿಗೆ ಕೇಂದ್ರದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದ ಮೊದಲ ಹಂತ 2025-26ರವರೆಗೆ ಅಂತ ಇತ್ತು. ರಾಜ್ಯದಲ್ಲಿ ಕ್ರೆಡಲ್ (ನವೀಕರಿಸಬಹುದಾದ ಇಂಧನದ ಸರ್ಕಾರಿ ಸಂಸ್ಥೆ) ಕಚೇರಿಯಲ್ಲಿ ಈಗ ಯಾವುದು ನಡೆಯುತ್ತಿದೆ ಅಂತ ವಿಚಾರಿಸಿ. ಸಬ್ಸಿಡಿ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಸಬ್ಸಿಡಿ ಇಲ್ಲದೆ ಲೆಕ್ಕ ಕೂಡಿದರೆ ಮಾತ್ರ ಮುಂದಕ್ಕೆ ಹೋಗಿ.

ಎಲ್ಲಿಂದ ಶುರು ಮಾಡೋದು?

ಒಂದು ತಕ್ಕಡಿ, ಒಂದು ನೋಟ್‌ಬುಕ್. ಒಂದು ವರ್ಷ ಊರಿನ ಯಾವ ತಿಂಗಳಲ್ಲಿ ಎಷ್ಟು ಕಸ ಬಂತು ಅಂತ ತೂಗಿ ಬರೆಯಿರಿ. ಪಕ್ಕದ ಪುಟದಲ್ಲಿ ಯಾವ ಮೋಟಾರ್ ಎಷ್ಟು ಗಂಟೆ ಓಡಿತು, ಎಷ್ಟು ಡೀಸೆಲ್ ಸುಟ್ಟಿತು ಅಂತ ಬರೆಯಿರಿ. ಸೂರು ಈ ವರ್ಷವೇ ಕಟ್ಟಿ, ಯಂತ್ರ ಬರದಿದ್ದರೂ ಅದು ವ್ಯರ್ಥ ಆಗುವುದಿಲ್ಲ. ಊರಿನ ಇಬ್ಬರು ಹುಡುಗರನ್ನೋ ಹುಡುಗಿಯರನ್ನೋ ಓಡುತ್ತಿರುವ ಯಂತ್ರದ ಹತ್ತಿರ ಒಂದು ತಿಂಗಳು ಬಿಡಿ, ಕೈ ಕಪ್ಪಾಗಲಿ. ಕೊಟೇಶನ್ ಕೇಳುವಾಗ ಮಾರುವವರಿಗೆ ನಿಮ್ಮದೇ ಉರುವಲು ಹತ್ತು ಚೀಲ ಕಳಿಸಿ, ಅದರಲ್ಲೇ ಓಡಿಸಿ ತೋರಿಸಲು ಹೇಳಿ. ಆಗಸ್ಟ್‌ನಲ್ಲಿ ಕಳಿಸಿ.